ವಿಲೇವಾರಿ ಫಾರಂ

“ಹಳೇ ಪೆನ್ನು ವಾಪಸ್ ಕೊಡಿ ಸಾರ್, ಆಮೇಲೆ ಹೊಸದು,” ಎಂದಳು ಬೀಗದಕ್ಕ.

ಕೌಂಟರಿನ ಆಚೆ ನಿಂತಿದ್ದ ಮೇಷ್ಟ್ರು ಜೇಬು ತಡಕಿದರು. ಎಡಜೇಬಿನಲ್ಲಿ ಕನ್ನಡಕದ ಡಬ್ಬಿ, ಬಲಜೇಬಿನಲ್ಲಿ ಮಡಿಸಿ ಮಡಿಸಿ ಬಟ್ಟೆಯ ಹಾಗೆ ಮೆತ್ತಗಾಗಿದ್ದ ಒಂದು ಹಾಳೆ. ಬೋರ್ಡಿಗೆ ಬರೆಯುವ ಹಸಿರು ಪೆನ್ನು ಕೊನೆಗೆ ಅವರ ಕಿವಿಯ ಮೇಲೇ ಸಿಕ್ಕಿತು.

“ಇಡೀ ವಿಶ್ವ ಹಿಗ್ಗುತ್ತಾ ಇದೆಯಮ್ಮ. ನಿಮ್ಮ ಉಗ್ರಾಣ ಒಂದೇ ಹಿಗ್ಗದೆ ಉಳಿದಿರೋದು.”

“ಅದೂ ಹಿಗ್ಗಿದ್ರೆ ಆಡಿಟ್‌ನವರು ನನ್ನ ಕುಗ್ಗಿಸ್ತಾರೆ ಸಾರ್.”

ಮೇಷ್ಟ್ರು ನಕ್ಕರು. ಬರುವ ತಿಂಗಳು ನಿವೃತ್ತರಾಗುವ ಮನುಷ್ಯ. ಈಚೆಗೆ ನಗುವುದು ಹೆಚ್ಚಾಗಿತ್ತು. ಹೊಸ ಪೆನ್ನಿನ ಮುಚ್ಚಳ ತೆಗೆದು ಮೂಸಿ ನೋಡಿ, “ಶುಕ್ರವಾರ ಹನ್ನೊಂದು ಗಂಟೆಗೆ ಅಲ್ವಾ?” ಎಂದರು.

“ಹೌದು ಸಾರ್.”

“ಎರಡು ವರ್ಷದಿಂದ ನಿಮ್ಮ ಕಪಾಟಿನ ಆ ಚೀಟಿ ನನ್ನ ಗೆರೆಯನ್ನ ಮರೆಮಾಡಿಕೊಂಡು ಕೂತಿದೆ. ಶುಕ್ರವಾರಕ್ಕೆ ಬಿಡುಗಡೆ.”

ಬೀಗದಕ್ಕ ಏನೋ ಹುಡುಕುವವಳ ಹಾಗೆ ಕಪಾಟಿನ ಕಡೆ ತಿರುಗಿದಳು. ಹುಡುಕಬೇಕಾದದ್ದು ಏನೂ ಇರಲಿಲ್ಲ. ಅವರ ಚಪ್ಪಲಿಯ ಸದ್ದು ಮೆಟ್ಟಿಲು ದಾಟುವವರೆಗೂ ಅವಳು ಬಲ್ಬಿನ ಡಬ್ಬಗಳನ್ನು ನೆಟ್ಟಗೆ ಜೋಡಿಸುತ್ತಲೇ ಇದ್ದಳು.

ಇಪ್ಪತ್ತಾರು ವರ್ಷದಿಂದ ಆ ವೀಕ್ಷಣಾಲಯದ ಉಗ್ರಾಣ ಅವಳ ಕೈಯಲ್ಲಿದೆ. ಸೊಂಟದಲ್ಲಿ ಬೀಗದ ಕೈ ಗೊಂಚಲು; ಹಾಗಾಗಿ ಬೀಗದಕ್ಕ. ಮೇಲಿನ ಮಹಡಿಯಲ್ಲಿ ಆಕಾಶ ಅಳೆಯುವವರಿಗೆ ಪೆನ್ನು, ಹಾಳೆ, ತಿರುಪುಮೊಳೆ, ಕುರ್ಚಿ ಕೊಡುವವಳು. ಕೊಟ್ಟದ್ದಕ್ಕೆ ಸಹಿ, ಮುರಿದದ್ದಕ್ಕೆ ಕಾರಣ. ಇಷ್ಟೇ ಅವಳ ಶಾಸ್ತ್ರ.

ಅವಳು ಆಕಾಶದ ಗೊಡವೆಗೆ ಸಿಕ್ಕಿಕೊಂಡದ್ದು ಎರಡು ವರ್ಷದ ಹಿಂದೆ. ಮೇಷ್ಟ್ರದು ಮೂವತ್ತೊಂದು ವರ್ಷದ ಒಂದು ವಾದ. ವಿಶ್ವ ಹಿಗ್ಗುವುದು ದಿನೇದಿನೇ ಜೋರಾಗುತ್ತಿದೆಯಲ್ಲ, ಅದಕ್ಕೆ ಖಾಲಿ ಜಾಗದೊಳಗೇ ತುಂಬಿರುವ ಒಂದು ಶಕ್ತಿ ಕಾರಣ ಎಂದು ಹೆಚ್ಚಿನವರು ಹೇಳುತ್ತಾರೆ. ಸುಳ್ಳು ಎಂದರು ಮೇಷ್ಟ್ರು. ಖಾಲಿ ಎಂದರೆ ಖಾಲಿ. ಗುರುತ್ವವೇ ಬಹಳ ದೂರಕ್ಕೆ ಹೋದಂತೆ ಸಡಿಲವಾಗುತ್ತದೆ, ಅದರಿಂದ ಹೀಗೆ ಕಾಣುತ್ತದೆ. “ಅವರ ಸೂತ್ರ ಹೇಳೋ ಶಕ್ತಿಗೂ ಆಕಾಶದಲ್ಲಿ ಕಾಣೋ ಶಕ್ತಿಗೂ ಎಷ್ಟು ವ್ಯತ್ಯಾಸ ಗೊತ್ತಾ? ಒಂದರ ಮುಂದೆ ನೂರಿಪ್ಪತ್ತು ಸೊನ್ನೆ!” ಎಂದು ಅವರು ಕೌಂಟರಿಗೆ ಒರಗಿ ಹೇಳಿದ್ದರು. “ನನ್ನ ಹತ್ರ ಒಂದು ಬಲ್ಬು ಹೆಚ್ಚುಕಡಿಮೆ ಆದ್ರೆ ಮೆಮೋ ಬರುತ್ತೆ ಸಾರ್,” ಎಂದಿದ್ದಳು ಬೀಗದಕ್ಕ. ಆ ಮಾತನ್ನು ಮೇಷ್ಟ್ರು ಆಮೇಲೆ ಎಷ್ಟೋ ಭಾಷಣಗಳಲ್ಲಿ ತಮ್ಮದೇ ಮಾತಿನಂತೆ ಬಳಸಿದರು.

ವಾದ ತೀರಿಸಲು ದಾರಿ ಇತ್ತು. ಒಂದು ಜಾತಿಯ ನಕ್ಷತ್ರಗಳು ಸಿಡಿದಾಗ ಹೆಚ್ಚುಕಡಿಮೆ ಒಂದೇ ಸಮನಾದ ಬೆಳಕು ಬೀರುತ್ತವೆ. ಎಷ್ಟು ಮಂಕಾಗಿ ಕಂಡಿತು ಎನ್ನುವುದರಿಂದ ದೂರ ತಿಳಿಯುತ್ತದೆ, ಎಷ್ಟು ಕೆಂಪಾಯಿತು ಎನ್ನುವುದರಿಂದ ನಡುವಿನ ಜಾಗ ಎಷ್ಟು ಹಿಗ್ಗಿತು ಎಂದು ತಿಳಿಯುತ್ತದೆ. ಹಾಳೆಯ ಮೇಲೆ ಒಂದೊಂದೂ ಒಂದು ಚುಕ್ಕಿ. ಖಾಲಿ ಜಾಗದ ಶಕ್ತಿಗೆ ಒಂದು ಗೆರೆ, ಮೇಷ್ಟ್ರ ಗುರುತ್ವಕ್ಕೆ ಇನ್ನೊಂದು. ಎರಡೂ ಗೆರೆ ಹತ್ತಿರದಲ್ಲಿ ಅಂಟಿಕೊಂಡು ಓಡುತ್ತವೆ, ತೀರ ದೂರದ ತುದಿಯಲ್ಲಿ ಮಾತ್ರ ಬೇರೆಯಾಗುತ್ತವೆ. ಚುಕ್ಕಿಗಳು ಯಾವ ಗೆರೆಯ ಬೆನ್ನು ಹತ್ತಿವೆ ಎಂದು ನೋಡಿದರೆ ಆಯಿತು.

ಆದರೆ ನೋಡುವವನಿಗೆ ಮನಸ್ಸು ಎನ್ನುವುದೊಂದು ಇರುತ್ತದೆ. ತನಗೆ ಬೇಕಾದ ಕಡೆ ಚುಕ್ಕಿ ಬೀಳುವವರೆಗೂ ಉಜ್ಜುತ್ತಾನೆ, ಬಿದ್ದ ಕೂಡಲೇ ಕೈ ತೊಳೆಯುತ್ತಾನೆ. ಅದಕ್ಕೆಂದೇ ಆ ಕಸುಬಿನವರಲ್ಲಿ ಒಂದು ಕಟ್ಟಳೆ. ದೂರದ ಚುಕ್ಕಿಗಳನ್ನೆಲ್ಲ ಗುಟ್ಟಾದ ಒಂದು ಅಂಕಿಯಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿಬಿಡುತ್ತಾರೆ. ಕೆಲಸ ಮಾಡುವವರು ಆ ಸರಿಸಿದ ಚುಕ್ಕಿಗಳ ಮೇಲೇ ಮಾಡಬೇಕು. ಎಲ್ಲ ಮುಗಿದು, ಲೆಕ್ಕಕ್ಕೆ ಹಿಡಿದ ನಕ್ಷತ್ರಗಳ ಪಟ್ಟಿಗೆ ಸಹಿ ಬಿದ್ದ ಮೇಲಷ್ಟೇ ಅಂಕಿ ಹೊರಗೆ. ಮೇಷ್ಟ್ರು ಅದನ್ನು ಮರೆಯಂಕಿ ಎಂದು ಕರೆದರು. ಕಾಯುವವರು ಯಾರು? ‘ಫಲಿತಾಂಶದಲ್ಲಿ ಆಸಕ್ತಿಯಾಗಲೀ ಅದನ್ನು ಗ್ರಹಿಸುವ ಸಾಮರ್ಥ್ಯವಾಗಲೀ ಇಲ್ಲದ ಸಿಬ್ಬಂದಿ’ ಎಂದು ನಡಾವಳಿಯಲ್ಲಿ ಬರೆದು, ಕೆಳಗೆ ಅವಳ ಸಹಿ ಹಾಕಿಸಿಕೊಂಡರು. ಅವಳು ಓದಿದಳು. ಎರಡು ಸಲ ಓದಿ ಸಹಿ ಹಾಕಿದಳು.

ತಿರುಪುಮೊಳೆಯ ಡಬ್ಬಿಯಲ್ಲಿ ಇಪ್ಪತ್ತೊಂದು ಚೀಟಿ. ಮೈನಸ್ ಹತ್ತರಿಂದ ಪ್ಲಸ್ ಹತ್ತರವರೆಗೆ. ಸೊನ್ನೆಯನ್ನು ಬಿಡೋಣ ಎಂದವರೂ ಇದ್ದರು. “ಯಾಕ್ರೀ ಬಿಡಬೇಕು? ಸೊನ್ನೆ ಇಲ್ಲ ಅಂತ ಗೊತ್ತಾದ್ರೆ ಅದೇ ಒಂದು ಸುಳಿವು,” ಎಂದು ಹಟ ಹಿಡಿದು ಸೊನ್ನೆಯನ್ನು ಹಾಕಿಸಿದವರು ಮೇಷ್ಟ್ರೇ. ಬೀಗದಕ್ಕ ಒಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ಚೀಟಿ ಎತ್ತಿದಳು, ಹೇಳಿಕೊಟ್ಟ ಹಾಗೆ ಕಂಪ್ಯೂಟರಿಗೆ ಅಂಕಿ ಕೊಟ್ಟಳು, ಚೀಟಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿದಳು.

ಅವಳ ಕೈಗೆ ಬಂದದ್ದು ಸೊನ್ನೆ.

ಚುಕ್ಕಿಗಳು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಎರಡು ವರ್ಷದಿಂದ ಮೇಲಿನವರು ನೋಡುತ್ತಿದ್ದದ್ದೇ ನಿಜ. ಮೇಷ್ಟ್ರು ಪ್ರತಿ ಸಲವೂ ದೂರದ ಚುಕ್ಕಿಗಳು ತಮ್ಮ ಗೆರೆ ಬಿಟ್ಟು ಆಚೆ ನಿಂತದ್ದನ್ನು ನೋಡಿ, ಅದು ಮರೆಯಂಕಿಯ ಆಟ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅವಳು ಪೆನ್ನು ಕೊಡುತ್ತಿದ್ದಳು, ಹಾಳೆ ಕೊಡುತ್ತಿದ್ದಳು, ಸಹಿ ತಗೊಳ್ಳುತ್ತಿದ್ದಳು. ಗ್ರಹಿಸುವ ಸಾಮರ್ಥ್ಯ ಇಲ್ಲದವಳಿಗೆ ಅಷ್ಟರಲ್ಲಿ ಎರಡೂ ಗೆರೆ ಕಂಠಪಾಠವಾಗಿದ್ದವು.

ಬುಧವಾರ ಮಧ್ಯಾಹ್ನ ಚುಕ್ಕಿ ಬಂದಳು. ಮೇಷ್ಟ್ರ ಕೈಕೆಳಗೆ ಮೂರು ವರ್ಷದಿಂದ ಆ ಚುಕ್ಕಿಗಳನ್ನು ಸಾಕುತ್ತಿರುವ ಸಂಶೋಧಕಿ. ಹೆಸರು ಹಾಗೇ ಅಂಟಿಕೊಂಡಿತ್ತು. ಕೌಂಟರಿನ ಮೇಲೆ ಒಂದು ಹಾಳೆ ಇಟ್ಟು, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ನಿಂತಳು.

“ನಲವತ್ತೆರಡನ್ನ ತೆಗೀಬೇಕಂತೆ ಅಕ್ಕಾ.”

“ಯಾವ ನಲವತ್ತೆರಡು?”

“ತುದೀಲಿರೋವು. ಎಲ್ಲಕ್ಕಿಂತ ದೂರದವು, ಹಿಂದೆ ಆ ನಾಲ್ಕು ವರ್ಷದಲ್ಲಿ ಸಿಕ್ಕಿದವು. ಅವನ್ನ ಕೈಬಿಟ್ರೆ ಉಳಿದ ಚುಕ್ಕಿಗಳು ಎರಡೂ ಗೆರೆ ಮೇಲೆ ಕೂರ್ತವೆ. ಚೀಟೀಲಿ ಯಾವ ಅಂಕಿ ಬಂದ್ರೂ ಅವರ ಗೆರೆಗೆ ಏನೂ ಆಗಲ್ಲ.”

“ಹಂಗಾದ್ರೆ ಯಾರು ಗೆದ್ದ ಹಾಗೆ?”

“ಯಾರೂ ಇಲ್ಲ. ಮೂರು ವರ್ಷ ಕಣ್ಣು ಕಳಕೊಂಡು ಕೂತೋಳು ಏನೂ ಹೇಳದ ಹಾಗೆ ಎದ್ದು ಹೋಗ್ತೀನಿ, ಅಷ್ಟೇ.” ಅವಳ ದನಿ ಏರಲಿಲ್ಲ. “ಲಕೋಟೆ ತೆರೆಯೋಕೆ ಮುಂಚೆ ಪಟ್ಟಿ ತಿದ್ದಬಹುದು. ನಿಯಮ ಹಾಗೇ ಇದೆ. ಕಾರಣ ಒಂದೇ ಸಾಲು ಬರೆದಿದ್ದಾರೆ ನೋಡಿ.”

ಬೀಗದಕ್ಕ ಓದಿದಳು. ‘ಆ ವರ್ಷಗಳಲ್ಲಿ ಮುಖ್ಯ ಕನ್ನಡಿಯ ಅಂಚಿನ ಉಜ್ಜಿಕೆ ತೃಪ್ತಿಕರವಾಗಿರಲಿಲ್ಲವಾದ್ದರಿಂದ.’

ಅವಳು ಹಾಳೆಯನ್ನು ತಿರುಗಿಸಿ ಇಟ್ಟಳು. ಚುಕ್ಕಿ, “ನಾನು ಕೇಳಬಾರದು. ಕೇಳಲ್ಲ. ನಿಮ್ಮ ಮುಖಾನಾದ್ರೂ ನೋಡ್ಲಾ ಅಕ್ಕಾ?” ಎಂದಳು.

“ನೋಡಬೇಡ ಕಣಮ್ಮ,” ಎಂದು ಬೀಗದಕ್ಕ ಬೆನ್ನು ತಿರುಗಿಸಿ ನಿಂತಳು.

ಸಂಜೆ ಮನೆಗೆ ಹೋದಾಗ ಅಪ್ಪ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಎಪ್ಪತ್ತೆಂಟು ವರ್ಷ, ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಹೋಗುವ ದಾರಿಯಲ್ಲಿದೆ. ಬೆರಳ ತುದಿಗಳು ಮಾತ್ರ ಮಗುವಿನ ಬೆರಳಿನ ಹಾಗೆ ನಯ. ಆ ವೀಕ್ಷಣಾಲಯದ ದೂರದರ್ಶಕದ ದೊಡ್ಡ ಕನ್ನಡಿ ಉಜ್ಜಿದವನು ಅವನೇ. ಮೂವತ್ತು ವರ್ಷ ಉಜ್ಜಿದ, ಪರೀಕ್ಷಿಸಿದ, ಮತ್ತೆ ಉಜ್ಜಿದ. ವೀಕ್ಷಣಾಲಯದ ಬಾಗಿಲಲ್ಲಿರುವ ಹಿತ್ತಾಳೆಯ ಫಲಕದಲ್ಲಿ ಹನ್ನೊಂದು ಹೆಸರಿವೆ: ಉದ್ಘಾಟಿಸಿದವರದು, ಅವರ ಪಕ್ಕ ನಿಂತವರದು, ನಿಲ್ಲಬೇಕಾಗಿದ್ದು ಬರಲಾಗದವರದು. “ಟೇಪು ಕತ್ತರಿಸಿದ ಕತ್ತರಿ ಹೆಸರು ಒಂದು ಬಿಟ್ಟಿದ್ದಾರೆ ನೋಡು,” ಎಂದು ಅಪ್ಪ ನಗುತ್ತಿದ್ದ. ಅವನ ಹೆಸರೂ ಇರಲಿಲ್ಲ ಎಂಬುದನ್ನು ಅವನು ಹೇಳುತ್ತಿರಲಿಲ್ಲ, ಅವಳು ಮರೆಯುತ್ತಿರಲಿಲ್ಲ.

“ಕನ್ನಡಿ ಚೆನ್ನಾಗಿದೆಯಾ?” ಎಂದ. ದಿನವೂ ಕೇಳುತ್ತಾನೆ, ಬೇರೆಯವರು ದೂರದ ಊರಿನಲ್ಲಿರುವ ಮಕ್ಕಳನ್ನು ಕೇಳುವ ಹಾಗೆ.

ಇವತ್ತು ಅವಳು ಹೂಂ ಎನ್ನಲಿಲ್ಲ. ಚಪ್ಪಲಿ ಬಿಟ್ಟು, ನೀರು ಕುಡಿದು, “ಅಂಚಿನ ಉಜ್ಜಿಕೆ ಸರಿಯಿರಲಿಲ್ಲವಂತೆ ಅಪ್ಪ. ನೀನು ಬಿಡೋ ಮುಂಚಿನ ನಾಲ್ಕು ವರ್ಷ,” ಎಂದಳು.

ಅಪ್ಪನ ಬೆರಳುಗಳು ಕುರ್ಚಿಯ ಕೈ ಮೇಲೆ ಒಂದು ಸುತ್ತು ತಿರುಗಿ ನಿಂತವು.

“ಯಾರು ಹೇಳಿದ್ದು?”

“ಮೇಷ್ಟ್ರು.”

“ಅವರು ಒಳ್ಳೆಯವರು,” ಎಂದ ಅಪ್ಪ. ಆಮೇಲೆ, “ಯಾವ ರಾತ್ರಿ, ಅಂಚಿನ ಯಾವ ಭಾಗ, ಎಷ್ಟು ತಪ್ಪು? ಬರಕೊಟ್ಟಿದ್ದಾರಾ?” ಎಂದ.

“ಒಂದು ಸಾಲು.”

“ಒಂದು ಸಾಲಿಗೆ ಕನ್ನಡಿ ಕೆಡಲ್ಲ ಕಣೆ. ನಾನು ಒಂದು ಚುಕ್ಕೆ ಉಜ್ಜಬೇಕಾದ್ರೆ ಒಂದು ಹಾಳೆ ಬರೀಬೇಕಿತ್ತು. ನನಗಿಷ್ಟ ಬಂದ ಕಡೆ ಉಜ್ಜೋ ಹಾಗಿರಲಿಲ್ಲ, ಪರೀಕ್ಷೆ ತೋರಿಸಿದ ಕಡೆ ಉಜ್ಜಬೇಕಿತ್ತು. ಆ ಹಾಳೆಗಳೆಲ್ಲ ಎಲ್ಲಿ?”

“ನನ್ನ ಹತ್ರಾನೇ ಇವೆ.”

“ಮತ್ತೆ?” ಎಂದು ಅಪ್ಪ ಕಿಟಕಿಯ ಕಡೆ ತಿರುಗಿದ.

ಶುಕ್ರವಾರ ಹನ್ನೊಂದಕ್ಕೆ ಸಭೆಯ ಕೋಣೆಯಲ್ಲಿ ಮೂರು ಕುರ್ಚಿ ಹಾಕಿದ್ದರು. ಮೇಷ್ಟ್ರಿಗೊಂದು, ಚುಕ್ಕಿಗೊಂದು, ಸಾಕ್ಷಿಗೆ ಬಂದ ಆಡಳಿತಾಧಿಕಾರಿಗೊಂದು. ಬೀಗದಕ್ಕ ಎಡಗೈಯಲ್ಲಿ ಅರಗಿನ ಲಕೋಟೆ, ಕಂಕುಳಲ್ಲಿ ಒಂದು ದಪ್ಪ ಕಟ್ಟು ಹಿಡಿದು ಬಾಗಿಲ ಬಳಿ ನಿಂತಳು. ಆ ಕುರ್ಚಿಗಳನ್ನು ಬೆಳಿಗ್ಗೆ ಎಣಿಸಿ ಕೊಟ್ಟವಳೂ ಅವಳೇ.

ಪಟ್ಟಿಗೆ ಮೇಷ್ಟ್ರು ಸಹಿ ಹಾಕಿದರು. ಚುಕ್ಕಿ ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಹಾಕಿದಳು. ಮೂರನೆಯ ಸಹಿ ಮರೆಯಂಕಿ ಕಾಯುವವರದು. ನಿಯಮ ಬರೆಯುವಾಗ ಅಂದಕ್ಕೆ ಇರಲಿ ಎಂದು ಸೇರಿಸಿದ್ದು. ಆಡಳಿತಾಧಿಕಾರಿ ಪಟ್ಟಿಯನ್ನು ಅವಳ ಕಡೆಗೆ ತಳ್ಳಿ, “ಇಲ್ಲಿ ಹಾಕಿ,” ಎಂದು ಬೆರಳಿಟ್ಟು ತೋರಿಸಿದರು.

“ಹಾಕ್ತೀನಿ ಸಾರ್. ಇದರಲ್ಲಿ ನಲವತ್ತೆರಡು ಐಟಂ ತೆಗೆದಿದ್ದಾರಲ್ಲ, ಅದರ ಫಾರಂ ಎಲ್ಲಿ?”

“ಯಾವ ಫಾರಂ?”

ಅವಳು ಕಂಕುಳ ಕಟ್ಟನ್ನು ಮೇಜಿನ ಮೇಲೆ ಇಟ್ಟಳು. “ವಿಲೇವಾರಿ ಫಾರಂ. ಈ ಕಟ್ಟಡದಿಂದ ಯಾವುದೇ ವಸ್ತು ಕೆಲಸಕ್ಕೆ ಬಾರದು ಅಂತ ಹೊರಗೆ ಹಾಕಬೇಕಾದ್ರೆ ಒಂದಕ್ಕೆ ಒಂದು ಫಾರಂ. ನನ್ನ ಸಹಿ ಬೀಳೋ ಯಾವ ಪಟ್ಟಿಗೂ ಅದೇ ನಿಯಮ ಸಾರ್. ನೀವೇ ಸುತ್ತೋಲೆ ಕಳಿಸಿದ್ದು.”

ಆಡಳಿತಾಧಿಕಾರಿಯ ಮುಖ ಕೆಂಪಾಯಿತು. “ಕುರ್ಚಿ ಕಂಡೆಮ್ ಮಾಡೋ ಫಾರಂನ ನಕ್ಷತ್ರಕ್ಕೆ ತುಂಬಿಸ್ತೀರೇನ್ರೀ? ತಲೆ ನೆಟ್ಟಗಿದೆಯಾ?”

“ಕಾಲು ಮುರಿದ ಕುರ್ಚಿಗೇ ಐದು ಕಾಲಂ ತುಂಬಿಸ್ತೀರಿ ಸಾರ್. ನಕ್ಷತ್ರಕ್ಕೆ ಅಷ್ಟೂ ಬೇಡ್ವಾ?”

ಚುಕ್ಕಿ ತಲೆ ತಗ್ಗಿಸಿ ಮೇಜಿನ ಅಂಚನ್ನು ನೋಡತೊಡಗಿದಳು. ಮೇಷ್ಟ್ರು ಕನ್ನಡಕ ತೆಗೆದು, ಮಗುವಿಗೆ ಹೇಳುವಷ್ಟು ಮೆತ್ತಗೆ, “ಇದು ಬೇರೆ ವಿಷಯ ಅಮ್ಮ. ನಿಮಗೆ ಅರ್ಥ ಆಗಲ್ಲ,” ಎಂದರು.

“ಅರ್ಥ ಆಗಲ್ಲ ಸಾರ್. ಅದಕ್ಕೇ ಬರಕೊಡಿ ಅಂತಿರೋದು.”

 ಮೇಷ್ಟ್ರು ಅವಳನ್ನು ನೋಡಿದರು. ಬಹುಶಃ ಇಪ್ಪತ್ತಾರು ವರ್ಷದಲ್ಲಿ ಕೌಂಟರಿನ ತಡೆ ಇಲ್ಲದೆ ನೋಡಿದ್ದು ಅದೇ ಮೊದಲು. ಆಮೇಲೆ ಹಸ್ತ ಚಾಚಿ, “ಕೊಡಿ,” ಎಂದರು.

ವಸ್ತುವಿನ ಹೆಸರು. ಬಂದ ದಿನಾಂಕ. ಈಗಿನ ಸ್ಥಿತಿ. ವಿಲೇವಾರಿಗೆ ಕಾರಣ. ಕಾರಣವನ್ನು ಬಲ್ಲ ಇನ್ನೊಬ್ಬರ ಸಹಿ. ಮೊದಲನೆಯದಕ್ಕೆ ಮೇಷ್ಟ್ರು ‘ಮೋಡ’ ಎಂದು ಬರೆದರು. ಚುಕ್ಕಿ ಆ ರಾತ್ರಿಯ ದಿನಚರಿ ತೆಗೆದು ನೋಡಿದಳು, ನಿಜ, ಮೋಡವಿತ್ತು. ಸಹಿ ಹಾಕಿದಳು. ಎರಡನೆಯದಕ್ಕೂ ಮೋಡ, ಅದೂ ನಿಜ. ಮೂರನೆಯದಕ್ಕೆ ‘ಕನ್ನಡಿಯ ಅಂಚು’ ಎಂದು ಬರೆದಾಗ ಬೀಗದಕ್ಕ ಕಟ್ಟಿನ ಕೆಳಗಿನಿಂದ ಹಳದಿಯಾದ ಒಂದು ಹಾಳೆ ಎಳೆದು ಅವರ ಮುಂದಿಟ್ಟಳು. ಆ ವಾರದ ಕನ್ನಡಿ ಪರೀಕ್ಷೆ. ಗುಂಡಗಿನ ಚಿತ್ರ, ಅಂಚಿನ ಸುತ್ತ ಹದಿನಾರು ಗುರುತು, ಒಂದೊಂದಕ್ಕೂ ಪುಟ್ಟ ದುಂಡು ಅಕ್ಷರದಲ್ಲಿ ಒಂದೊಂದು ಅಂಕಿ.

ಮೇಷ್ಟ್ರು ಹದಿನಾರನ್ನೂ ಓದಿದರು. ಬೆರಳಿಟ್ಟು ಮತ್ತೊಮ್ಮೆ ಓದಿದರು.

“ಇಷ್ಟು ನಯವಾಗಿತ್ತಾ ಅಂಚು?” ಎಂದರು. ಯಾರನ್ನೂ ಕೇಳಿದ ಹಾಗಿರಲಿಲ್ಲ. “ಯಾರ ಕೈಬರಹ ಇದು?”

“ನಮ್ಮಪ್ಪಂದು ಸಾರ್.”

ಅವರು ‘ಕನ್ನಡಿಯ ಅಂಚು’ ಎಂಬುದರ ಮೇಲೆ ಗೆರೆ ಎಳೆದರು. ಬೇರೆ ಕಾರಣ ಬರೆಯಲು ಪೆನ್ನು ಇಟ್ಟು, ಎತ್ತಿ, ಮತ್ತೆ ಇಟ್ಟರು. ಕಾಲಂ ಖಾಲಿ ಉಳಿಯಿತು. “ಆ ನಕ್ಷತ್ರದ ಚಿತ್ರ ತೆಗಿಯಮ್ಮ ಚುಕ್ಕಿ,” ಎಂದರು.

ಹಾಗೆ ಶುರುವಾಯಿತು. ಚುಕ್ಕಿ ಒಂದೊಂದೇ ಚಿತ್ರ ತೆಗೆದಳು. ಕಪ್ಪು ಹಿನ್ನೆಲೆ, ಮಸುಕಾದ ಒಂದು ಕಲೆ, ಅದರ ಮಗ್ಗುಲಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ. ಮೇಷ್ಟ್ರು ಮೂಗು ತಾಗುವಷ್ಟು ಬಾಗಿ ನೋಡುತ್ತಿದ್ದರು. ಪ್ರತಿ ಸಲವೂ ಬೀಗದಕ್ಕ ಆ ವಾರದ ಹಳದಿ ಹಾಳೆ ಇಡುತ್ತಿದ್ದಳು. ಆಡಳಿತಾಧಿಕಾರಿ ಎರಡು ಸಲ ಗಡಿಯಾರ ನೋಡಿಕೊಂಡು, ಮೂರನೆಯ ಸಲ ಊಟಕ್ಕೆ ಎದ್ದು ಹೋದರು. ಒಂಬತ್ತನೆಯದಕ್ಕೆ ಮೇಷ್ಟ್ರು ಏನೋ ಬರೆಯಲು ಹೊರಟು, “ಇದರ ತಪ್ಪು ಏನು ಅಂದ್ರೆ...” ಎಂದು ಗಟ್ಟಿಯಾಗಿ ಶುರುಮಾಡಿ ನಿಲ್ಲಿಸಿದರು. ಅದು ತಮ್ಮ ಗೆರೆಯ ಮೇಲೆ ಕೂತಿಲ್ಲ ಎಂಬುದೇ ಮುಂದಿನ ಮಾತೆಂದು ಮೂವರಿಗೂ ಗೊತ್ತಿತ್ತು. ಯಾವ ಕಾಲಂನಲ್ಲೂ ಬರೆಯುವಂಥ ಮಾತಾಗಿರಲಿಲ್ಲ ಅದು.

“ಉಳಿಸು,” ಎಂದರು.

ಮೂರು ಗಂಟೆಯ ಹೊತ್ತಿಗೆ ನಾಲ್ಕು ಫಾರಂ ತುಂಬಿದ್ದವು, ನಾಲ್ಕೂ ಮೋಡ. ಮೂವತ್ತೆಂಟು ಖಾಲಿ. ಮೇಷ್ಟ್ರು ಖಾಲಿ ಫಾರಂಗಳನ್ನು ಅಂಚು ಸರಿ ಮಾಡಿ ಜೋಡಿಸಿ ಬೀಗದಕ್ಕನ ಕಡೆ ಸರಿಸಿ, “ವಾಪಸ್ ತಗೊಳ್ಳಿ. ಎಣಿಸಿಕೊಳ್ಳಿ,” ಎಂದರು. ಅವಳು ನಿಜಕ್ಕೂ ಎಣಿಸಿದಳು. ಚುಕ್ಕಿ ಹೊಸ ಪಟ್ಟಿ ಬರೆದಳು. ಮೇಷ್ಟ್ರ ಸಹಿ ಬಿತ್ತು, ಚುಕ್ಕಿಯದು ಬಿತ್ತು, ಬೀಗದಕ್ಕ ನಿಂತುಕೊಂಡೇ ಬಾಗಿ ತನ್ನದನ್ನೂ ಹಾಕಿದಳು.

ಅಷ್ಟರಲ್ಲಿ ಆಡಳಿತಾಧಿಕಾರಿ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಅರಗು ಒಡೆಯುವ ಸದ್ದು ಅಷ್ಟು ದೊಡ್ಡದೆಂದು ಯಾರೂ ಅಂದುಕೊಂಡಿರಲಿಲ್ಲ. ಚೀಟಿಯನ್ನು ಮೇಷ್ಟ್ರ ಕೈಗೇ ಕೊಟ್ಟಳು ಬೀಗದಕ್ಕ.

ಅವರು ನೋಡಿದರು. ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿದರು. ಚುಕ್ಕಿಯ ಕಡೆ ಸರಿಸಿದರು. ಚುಕ್ಕಿಗೆ ಮೊದಲು ನಗು ಬಂತು. ಕೂಡಲೇ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಳು. ಕಣ್ಣು ತುಂಬಿದ್ದವು.

“ಇದರ ಅರ್ಥ ಏನು? ಈಗ ಚುಕ್ಕಿಗಳನ್ನ ವಾಪಸ್ ಸರಿಸಬೇಕಾ?” ಎಂದರು ಆಡಳಿತಾಧಿಕಾರಿ.

“ಇಲ್ಲ,” ಎಂದರು ಮೇಷ್ಟ್ರು. “ಏನೂ ಸರಿಸಬೇಕಾಗಿಲ್ಲ. ಹೆಂಗಿದೆಯೋ ಹಂಗೇ.” ಗೋಡೆಯ ಮೇಲಿನ ದೊಡ್ಡ ಹಾಳೆಯಲ್ಲಿ ದೂರದ ಚುಕ್ಕಿಗಳು ಅವರ ಗೆರೆಯನ್ನು ಬಿಟ್ಟು, ಇನ್ನೊಂದರ ಮೇಲೆ, ನಿನ್ನೆ ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತು ನೋಡಿ, “ಸೊನ್ನೆ ಹಾಕಿ ಅಂತ ಹಟ ಮಾಡಿದ್ದು ನಾನೇ,” ಎಂದರು. ಆಮೇಲೆ ತಿರುಗಿ, “ನಿಮಗೆ ಎರಡು ವರ್ಷದಿಂದ ಗೊತ್ತಿತ್ತು.”

“ಗೊತ್ತಿತ್ತು ಸಾರ್.”

“ನಾನು ದಿನಾ ಬಂದು ಮರೆಯಂಕಿ ಮರೆಯಂಕಿ ಅಂತಿದ್ದೆ.”

“ಹೌದು ಸಾರ್.”

ಮೇಷ್ಟ್ರು ಹಸಿರು ಪೆನ್ನಿನ ಮುಚ್ಚಳ ಹಾಕಿ ಕಿವಿಯ ಮೇಲೆ ಇಟ್ಟುಕೊಂಡು ಹೊರಟರು.

ಆ ಸಂಜೆ ಅಪ್ಪ ಕೇಳಿದಾಗ ಅವಳು, “ಚೆನ್ನಾಗಿದೆ,” ಎಂದಳು. “ಮೂವತ್ತೆಂಟು ಸಲ ನೋಡಿದ್ರು.”

“ನೋಡಲಿ ಬಿಡು,” ಎಂದ ಅಪ್ಪ.

ಮುಂದಿನ ವಾರ, ಚಹಾದ ಹೊತ್ತಿಗೆ, ಕೌಂಟರಿನ ಆಚೆ ಮತ್ತೆ ಚಪ್ಪಲಿ ಸದ್ದಾಯಿತು. ಮೇಷ್ಟ್ರು ಎಂದಿನ ಕೋಟು ಹಾಕಿರಲಿಲ್ಲ. ಹಸಿರು ಪೆನ್ನನ್ನು ಮೊದಲು ಮುಂದಿಟ್ಟು, “ಹಳೇದು,” ಎಂದರು. ಬೀಗದಕ್ಕ ಹೊಸದಕ್ಕೆ ಕೈ ಚಾಚಿದಾಗ, “ಪೆನ್ನು ಬೇಡ. ಒಂದು ವಿಲೇವಾರಿ ಫಾರಂ ಕೊಡಿ,” ಎಂದರು.

ಅವಳು ಕೊಟ್ಟಳು. ಅವರು ಜೇಬಿನಿಂದ ತಮ್ಮ ಸ್ವಂತ ಪೆನ್ನು ತೆಗೆದು, ಅಲ್ಲೇ ನಿಂತು, ಕೌಂಟರಿನ ಮೇಲೆ ಮೊಣಕೈ ಊರಿ ಬರೆದರು. ವಸ್ತುವಿನ ಹೆಸರು: ದೂರದಲ್ಲಿ ಸಡಿಲವಾಗುವ ಗುರುತ್ವ. ಬಂದ ದಿನಾಂಕ: ಮೂವತ್ತೊಂದು ವರ್ಷದ ಹಿಂದಿನ ಒಂದು ತಾರೀಖು. ಈಗಿನ ಸ್ಥಿತಿ ಎಂಬಲ್ಲಿ ತಡೆದರು. ‘ಅಂದವಾಗಿದೆ’ ಎಂದು ಬರೆದರು. ಅವಳು ತಲೆಕೆಳಗಾಗಿ ಓದುತ್ತಾ ನಿಂತಿದ್ದಳು. ಕಾರಣದ ಕಾಲಂನಲ್ಲಿ ನಕ್ಷತ್ರಗಳ ನಂಬರುಗಳನ್ನು ಒಂದೊಂದಾಗಿ, ಮೂವತ್ತೆಂಟನ್ನೂ, ನೋಡಿಕೊಳ್ಳದೆ ಬರೆದರು. ಜಾಗ ಸಾಲದೆ ಅಂಚಿಗೂ ಹರಿಯಿತು.

ಐದನೆಯ ಕಾಲಂ ಖಾಲಿಯಿತ್ತು. ಕಾರಣವನ್ನು ಬಲ್ಲ ಇನ್ನೊಬ್ಬರ ಸಹಿ.

ಮೇಷ್ಟ್ರು ಫಾರಂ ಅನ್ನು ಅವಳ ಕಡೆಗೆ ನೇರ ಬರುವಂತೆ ತಿರುಗಿಸಿ, ಆ ಕಾಲಂನ ಮೇಲೆ ಬೆರಳಿಟ್ಟರು.

ಬೀಗದಕ್ಕ ಅವರ ಮುಖ ನೋಡಿದಳು, ಫಾರಂ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಡ್ರಾಯರಿನಿಂದ ತನ್ನ ಪೆನ್ನು ತೆಗೆದಳು. ಬಹಳ ದಿನ ಬಳಸದ ಪೆನ್ನು. ಹಳೆಯ ಪತ್ರಿಕೆಯ ಅಂಚಿನ ಮೇಲೆ ಸುತ್ತು ಹಾಕಿ ನೋಡಿದಳು. ಮೊದಲೆರಡು ಸುತ್ತು ಬರೀ ಕಾಗದ ಗೀರಿತು. ಮೂರನೆಯ ಸುತ್ತಿಗೆ ಶಾಯಿ ಇಳಿಯಿತು.